ದನ ಸರಾಸರಿಯನ್ನು ಮೇಯುವುದಿಲ್ಲ: ಹುಲ್ಲುಗಾವಲಿನ ವಿಷಲೋಹ ಹುಡುಕುವ ಬಗೆ

ಆ ಕಡಸು ಗೋಡೆಗೆ ಹಣೆ ಒತ್ತಿಕೊಂಡು ನಿಂತಿತ್ತು. ಹದಿನಾಲ್ಕು ತಿಂಗಳ ಪ್ರಾಯ. ಕಣ್ಣೆದುರು ಕೈ ಆಡಿಸಿದರೆ ರೆಪ್ಪೆ ಮಿಟುಕಿಸಲಿಲ್ಲ, ಆದರೆ ಟಾರ್ಚ್ ಬಿಟ್ಟರೆ ಪಾಪೆ ಕಿರಿದಾಗುತ್ತಿತ್ತು. ಹಲ್ಲು ಕಡಿಯುವ ಸದ್ದು ಕೊಟ್ಟಿಗೆಯ ಹೊರಗಿಂದಲೇ ಕೇಳಿಸಿತ್ತು. ನಾನು ಪಶುವೈದ್ಯ ವೃತ್ತಿಗೆ ಇಳಿದು ಆಗ ಮೂರನೇ ವರ್ಷ. ಬಿ1 ಜೀವಸತ್ವದ ಕೊರತೆಯಿರಬೇಕು ಎಂದುಕೊಂಡು ಥಯಾಮಿನ್ ಚುಚ್ಚಿದೆ. ಮಾರನೇ ದಿನ ಒಂದಿಷ್ಟು ಮೇವಿಗೆ ಬಾಯಿ ಹಾಕಿತು, ನಾನೂ ಬೀಗಿದೆ. ಮೂರನೇ ದಿನ ಸತ್ತಿತು. ಹೊಟ್ಟೆ ಕೊಯ್ದು ನೋಡಿದಾಗ ಎರಡನೇ ಹೊಟ್ಟೆಯ ಜೇನುಗೂಡಿನಂಥ ಗೂಡುಗಳಲ್ಲಿ ಬೂದು ಬಣ್ಣದ ಚೂರುಗಳು ಕೂತಿದ್ದವು. ಬ್ಯಾಟರಿಯ ಸೀಸದ ತಟ್ಟೆ. ಸೀಸದ ವಿಷಕ್ಕೂ ಥಯಾಮಿನ್ ತುಸು ಆರಾಮ ಕೊಡುತ್ತದೆ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಆ ಒಂದು ದಿನದ ಚೇತರಿಕೆಯೇ ನನ್ನನ್ನು ದಾರಿ ತಪ್ಪಿಸಿತ್ತು.

ಇದು ನನ್ನ ಮೊದಲ ತಪ್ಪು. ಎರಡನೆಯದು ಇದಕ್ಕಿಂತ ದೊಡ್ಡದು. ಮಣ್ಣು ಪರೀಕ್ಷೆ ಮಾಡಿಸೋಣ ಎಂದು ಹೊರಟವನು, ಕಲಿತ ಪಾಠದಂತೆ ಬೇಲಿಯಂಚು ಬಿಟ್ಟು, ಗೇಟಿನ ಬಳಿ ಬಿಟ್ಟು, ನೀರಿನ ತೊಟ್ಟಿಯ ಸುತ್ತ ಬಿಟ್ಟು, ಅಂಕುಡೊಂಕಾಗಿ ನಡೆದು ಇಪ್ಪತ್ತು ಕಡೆ ಮಣ್ಣು ತೆಗೆದು, ಒಂದೇ ಬಕೆಟ್ಟಿನಲ್ಲಿ ಕಲಸಿ ಕಳಿಸಿದೆ. ವರದಿ ಬಂತು: ಕಿಲೋ ಮಣ್ಣಿಗೆ 34 ಮಿಲಿಗ್ರಾಂ ಸೀಸ. ಯಾವ ಸಾಧಾರಣ ಜಮೀನಿನಲ್ಲೂ ಇರುವಷ್ಟೇ. ದನ ಬಿಡಬಹುದು ಎಂದು ಧೈರ್ಯ ಹೇಳಿದೆ. ಆರು ವಾರಕ್ಕೆ ಒಂದು ಕರು ಹೋಯಿತು. ಹಳೇ ಬ್ಯಾಟರಿ ಒಡೆದು ಬಿದ್ದಿದ್ದದ್ದು ಬೇಲಿಯ ಬುಡದಲ್ಲಿ, ನಾನು ಪಾಠದ ಪ್ರಕಾರ ಬಿಟ್ಟು ನಡೆದ ಜಾಗದಲ್ಲೇ.

ಗೊಬ್ಬರದ ಲೆಕ್ಕಕ್ಕೆ ಮಾಡುವ ಮಣ್ಣು ಪರೀಕ್ಷೆ ಸರಾಸರಿ ಹುಡುಕುತ್ತದೆ, ಏಕೆಂದರೆ ಗೊಬ್ಬರವನ್ನು ನಾವು ಇಡೀ ಹೊಲಕ್ಕೆ ಒಂದೇ ಸಮ ಎರಚುತ್ತೇವೆ. ವಿಷವನ್ನು ಯಾರೂ ಒಂದೇ ಸಮ ಎರಚಿರುವುದಿಲ್ಲ. ಅದು ಒಂದು ಮೂಲೆಯಲ್ಲಿ ಸುರಿದಿರುತ್ತದೆ, ಒಂದು ಪಟ್ಟೆಯಲ್ಲಿ ಹರಿದಿರುತ್ತದೆ. ದನ ಆ ಮೂಲೆಗೇ ಹೋಗಿ ನೆಕ್ಕುತ್ತದೆ. ಅಂದಿನಿಂದ ಮಾದರಿ ತೆಗೆಯುವ ಕ್ರಮವನ್ನೇ ತಿರುವುಮುರುವು ಮಾಡಿಕೊಂಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಲು, ಆಮೇಲೆ ಸಲಿಕೆ

ಸಲಿಕೆ ಹಿಡಿಯುವ ಮುಂಚೆ ಬರಿಗೈಯಲ್ಲಿ ಇಡೀ ಜಾಗ ಸುತ್ತಿ. ಜೊತೆಗೆ ಅಲ್ಲಿ ಬಹುಕಾಲದಿಂದ ದುಡಿದ ಹಿರಿಯರು ಯಾರಾದರೂ ಇದ್ದರೆ ಬಿಡಬೇಡಿ. ‘ಇಲ್ಲಿ ಮುಂಚೆ ಏನಿತ್ತು?’ ಎಂಬ ಒಂದು ಪ್ರಶ್ನೆ ಹತ್ತು ಮಾದರಿಯ ಖರ್ಚು ಉಳಿಸುತ್ತದೆ.

ನಾನು ಹುಡುಕುವುದು ಇವನ್ನು: ಎಸೆದ ಬ್ಯಾಟರಿ (ಒಂದು ಕಾರಿನ ಬ್ಯಾಟರಿಯಲ್ಲಿ ಹತ್ತು ಕಿಲೋ ಆಸುಪಾಸು ಸೀಸ ಇರುತ್ತದೆ), ಕಸ ಸುಟ್ಟ ಬೂದಿಯ ಗುಡ್ಡೆ, ಹಳೇ ಬಣ್ಣ ಸಿಪ್ಪೆ ಏಳುತ್ತಿರುವ ಗೇಟು ಮತ್ತು ಕಿಟಕಿ, ಯಂತ್ರದ ಹಳೇ ಎಣ್ಣೆ ಚೆಲ್ಲಿದ ನೆಲ, ಕೆಡವಿದ ಕಟ್ಟಡದ ಮಣ್ಣು ತಂದು ತುಂಬಿದ ತಗ್ಗು, ಬಂದೂಕು ಅಭ್ಯಾಸದ ದಿಬ್ಬ, ದಟ್ಟ ಸಂಚಾರದ ಹಳೇ ರಸ್ತೆಯ ಅಂಚು. ಸೀಸದ ಪೆಟ್ರೋಲ್ ಜಗತ್ತಿನ ಎಲ್ಲ ಬಂಕುಗಳಿಂದ ಮರೆಯಾದದ್ದು 2021ರಲ್ಲಿ. ರಸ್ತೆಯಂಚಿನ ಮಣ್ಣಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಬಿದ್ದ ಸೀಸ ಮೇಲ್ಪದರದಲ್ಲೇ ಕೂತಿರುತ್ತದೆ.

ಉಣುಗು ಸಾಯಿಸಲು ದನಗಳನ್ನು ಆರ್ಸೆನಿಕ್ ನೀರಿನಲ್ಲಿ ಮುಳುಗಿಸಿ ದಾಟಿಸುವ ತೊಟ್ಟಿಗಳು ಒಂದು ಕಾಲದಲ್ಲಿ ಹಲವು ದೇಶಗಳಲ್ಲಿದ್ದವು. ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ ಅಂಥ ತೊಟ್ಟಿಗಳ ಸುತ್ತಲಿನ ಮಣ್ಣು ಅವು ಮುಚ್ಚಿ ದಶಕಗಳಾದರೂ ಶುದ್ಧವಾಗಿಲ್ಲ. ನದಿಯ ಬಯಲಾದರೆ ಮೇಲ್ಭಾಗದಲ್ಲಿ ಹಿಂದೆ ಗಣಿ ಇತ್ತೇ ಎಂದು ಕೇಳಿ. 2012ರ ಜೂನ್‌ನಲ್ಲಿ ವೇಲ್ಸ್‌ನ ನಡುನಾಡಿನಲ್ಲಿ ಪ್ರವಾಹ ಬಂದಾಗ, ಎಂದೋ ಮುಚ್ಚಿದ ಸೀಸದ ಗಣಿಗಳ ಹೂಳು ಹುಲ್ಲುಗಾವಲಿನ ಮೇಲೆ ಹರಡಿತು. ಆ ಹುಲ್ಲು ಕೊಯ್ದು ರಸಮೇವು (ಗುಂಡಿಯಲ್ಲಿ ಗಾಳಿಯಾಡದಂತೆ ಮುಚ್ಚಿ ಹುದುಗಿಸಿದ ಹಸಿಮೇವು) ಮಾಡಿ ತಿನ್ನಿಸಿದ ದನಗಳು ಸೀಸದ ವಿಷಕ್ಕೆ ಸತ್ತವು. ಹೊಳೆ ಇಳಿದು, ಹುಲ್ಲು ಮತ್ತೆ ಹಸಿರಾಗಿ, ಎಲ್ಲ ಸರಿಹೋಯಿತು ಎನ್ನುವ ಹೊತ್ತಿಗೆ ವಿಷ ಗುಂಡಿಯೊಳಗೆ ಹೋಗಿತ್ತು.

ಹುಲ್ಲು ಸೊಂಪಾಗಿದೆ, ಹಾಗಾಗಿ ಮಣ್ಣು ಚೆನ್ನಾಗಿದೆ ಎನ್ನಬೇಡಿ. ತಾಮ್ರ, ಸತು, ನಿಕ್ಕಲ್ ಅತಿಯಾದರೆ ಮೊದಲು ಹುಲ್ಲೇ ಹಳದಿಯಾಗಿ ಎಚ್ಚರಿಸುತ್ತದೆ. ಕ್ಯಾಡ್ಮಿಯಂ, ಮಾಲಿಬ್ಡಿನಮ್, ಸೆಲೆನಿಯಂ ಹಾಗಲ್ಲ. ಗಿಡಕ್ಕೆ ಏನೂ ಆಗದ ಪ್ರಮಾಣದಲ್ಲೇ ತಿಂದ ಪ್ರಾಣಿಗೆ ಕೇಡಾಗುವಷ್ಟು ಎಲೆಯಲ್ಲಿ ಸೇರಿರುತ್ತವೆ.

ಮಾದರಿ

ಅನುಮಾನದ ಪ್ರತಿ ಜಾಗಕ್ಕೂ ಒಂದು ಬೇರೆ ಚೀಲ. ಬೇಲಿಬುಡ, ತೊಟ್ಟಿಯ ಸುತ್ತ, ಗೇಟು, ಬೂದಿಗುಡ್ಡೆ, ಹೊಳೆಯಂಚಿನ ತಗ್ಗು, ಯಾವುದನ್ನೂ ಯಾವುದರ ಜೊತೆಗೂ ಬೆರೆಸಬೇಡಿ. ಉಳಿದ ಬಯಲನ್ನು ಇಳಿಜಾರು, ಮಣ್ಣಿನ ಬಣ್ಣ, ಹಿಂದಿನ ಬಳಕೆ ನೋಡಿ ಭಾಗ ಮಾಡಿ, ಒಂದೊಂದು ಭಾಗದಲ್ಲಿ 20–25 ಕಡೆಯಿಂದ ತೆಗೆದು ಕಲಸಬಹುದು. ಅಲ್ಲಿ ಸರಾಸರಿಗೆ ಅರ್ಥವಿದೆ.

ಉಳುವ ಹೊಲದಲ್ಲಿ 15 ಸೆಂಟಿಮೀಟರ್ ಆಳದವರೆಗೆ ತೆಗೆಯುವುದು ರೂಢಿ. ಹುಲ್ಲುಗಾವಲಿಗೆ ಅಷ್ಟು ಬೇಡ, 7.5 ಸೆಂಟಿಮೀಟರ್ ಸಾಕು. ಉಳದ ನೆಲದಲ್ಲಿ ಲೋಹ ಮೇಲೇ ಇರುತ್ತದೆ, ದನದ ಬಾಯಿಗೆ ಸಿಗುವುದೂ ಮೇಲಿನದೇ. ಆಳಕ್ಕೆ ಹೋದಷ್ಟೂ ಶುದ್ಧ ಮಣ್ಣು ಬೆರೆತು ಅಂಕಿ ಸುಳ್ಳು ಹೇಳುತ್ತದೆ.

ಸಲಕರಣೆಯ ಬಗ್ಗೆ ಒಂದು ಮಾತು. ಸ್ಟೇನ್‌ಲೆಸ್ ಸ್ಟೀಲಿನ ಕರಣೆ, ಪ್ಲಾಸ್ಟಿಕ್ ಬಕೆಟ್. ತಗಡಿನ ಬಕೆಟ್ಟಿಗೆ ಸತುವಿನ ಲೇಪ ಇರುತ್ತದೆ, ಬಣ್ಣ ಬಳಿದ ಸಲಿಕೆಯಿಂದ ಬಣ್ಣ ಉದುರುತ್ತದೆ. ಒಮ್ಮೆ ನನ್ನ ಮಾದರಿಗಳಲ್ಲೆಲ್ಲ ಸತು ಏರಿತ್ತು. ಅರ್ಧ ದಿನ ಗಾಬರಿಪಟ್ಟ ಮೇಲೆ ನೆನಪಾಯಿತು, ಕಲಸಿದ್ದು ಹಾಲಿನವರ ಹಳೇ ತಗಡಿನ ಬಕೆಟ್ಟಿನಲ್ಲಿ. ಮಣ್ಣನ್ನು ನೆರಳಿನಲ್ಲಿ ಹರವಿ ಒಣಗಿಸಿ; ಪಾದರಸ ನೋಡಬೇಕಿದ್ದರೆ ಬಿಸಿ ತಾಗಿಸಲೇಬೇಡಿ, ಹಾರಿಹೋಗುತ್ತದೆ. ಪ್ರತಿ ಮಾದರಿಯಲ್ಲಿ ಅರ್ಧ ನಿಮ್ಮ ಬಳಿ ಇರಲಿ, ಮೇಲೆ ಜಾಗ, ಆಳ, ದಿನಾಂಕ ಬರೆದು.

ಮೇವಿನ ಮಾದರಿಯನ್ನು ದನ ಎಷ್ಟು ಎತ್ತರದಲ್ಲಿ ಕಚ್ಚುತ್ತದೋ ಅಷ್ಟೇ ಎತ್ತರದಲ್ಲಿ ಸ್ಟೀಲ್ ಕತ್ತರಿಯಿಂದ ಕತ್ತರಿಸಿ. ಎರಡು ಪಾಲು ಮಾಡಿ. ಒಂದನ್ನು ಇದ್ದ ಹಾಗೆ ಚೀಲಕ್ಕೆ ಹಾಕಿ. ಇನ್ನೊಂದನ್ನು ಶುದ್ಧ ನೀರಿನಲ್ಲಿ ಅರ್ಧ ನಿಮಿಷ ಅಲುಬಿ, ಭಟ್ಟಿ ಇಳಿಸಿದ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ತೊಳೆದದ್ದರಲ್ಲಿ ಇರುವುದು ಬಹುಪಾಲು ಬೇರಿನಿಂದ ಏರಿದ ಲೋಹ, ಎರಡರ ನಡುವಿನ ವ್ಯತ್ಯಾಸ ಮೇಲೆ ಕೂತ ಧೂಳು. ಈ ಒಂದು ಕೆಲಸ ಮಾಡದೆ ಮುಂದಿನ ಯಾವ ತೀರ್ಮಾನವೂ ಸರಿಯಾಗುವುದಿಲ್ಲ, ಏಕೆಂದರೆ ಬೇರಿನ ಲೋಹಕ್ಕೆ ಒಂದು ಮದ್ದು, ಧೂಳಿಗೆ ಇನ್ನೊಂದು.

ಪ್ರಯೋಗಾಲಯಕ್ಕೆ ‘ಮಣ್ಣು ಪರೀಕ್ಷೆ’ ಎಂದಷ್ಟೇ ಬರೆದರೆ ಸಾರಜನಕ, ರಂಜಕ, ಪೊಟ್ಯಾಷ್, ಹೆಚ್ಚೆಂದರೆ ಲಘು ಪೋಷಕಾಂಶಗಳ ಪಟ್ಟಿ ಬರುತ್ತದೆ. ಅದರಲ್ಲಿ ಸೀಸ ಇರುವುದಿಲ್ಲ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸ, ತಾಮ್ರ, ಸತು, ಮಾಲಿಬ್ಡಿನಮ್, ಇವುಗಳ ‘ಒಟ್ಟು ಪ್ರಮಾಣ’ ಬೇಕು ಎಂದು ಹೆಸರು ಹಿಡಿದು ಬರೆಯಿರಿ. ಜೊತೆಗೆ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) ಮತ್ತು ಸಾವಯವ ಇಂಗಾಲ. ಸಾಧ್ಯವಾದರೆ ಮಣ್ಣು ಮತ್ತು ಮೇವು ಎರಡರಲ್ಲೂ ಟೈಟಾನಿಯಂ. ಅದೇನೂ ವಿಷವಲ್ಲ. ಮಣ್ಣಿನಲ್ಲಿ ಅದು ಹೇರಳ, ಗಿಡ ಅದನ್ನು ಹೀರುವುದು ಇಲ್ಲವೆನ್ನುವಷ್ಟು ಕಡಿಮೆ. ಮಣ್ಣಿನಲ್ಲಿ ಕಿಲೋಗೆ 4,000 ಮಿಲಿಗ್ರಾಂ ಇದ್ದು, ತೊಳೆಯದ ಮೇವಿನಲ್ಲಿ 200 ಸಿಕ್ಕರೆ, ಆ ಮೇವಿನ ತೂಕದಲ್ಲಿ ನೂರಕ್ಕೆ ಐದು ಪಾಲು ಬರೀ ಮಣ್ಣು ಎಂದು ತಿಳಿಯಿರಿ.

ಅಂಕಿ ಬಂದ ಮೇಲೆ ಮಾಡುವ ಲೆಕ್ಕ

ಮೇಯುವ ದನ ಮಣ್ಣನ್ನೂ ತಿನ್ನುತ್ತದೆ. ದನಗಳಲ್ಲಿ ತಿಂದ ಒಣಮೇವಿನ ತೂಕದ ನೂರಕ್ಕೆ 1ರಿಂದ 18ರವರೆಗೆ ಮಣ್ಣು ಹೋಗುತ್ತದೆ ಎಂದು ಅಳೆದಿದ್ದಾರೆ. ಕುರಿ ಇನ್ನೂ ಬುಡಕ್ಕೆ ಕಚ್ಚುವುದರಿಂದ ಮೇವು ಬತ್ತಿದ ತಿಂಗಳುಗಳಲ್ಲಿ ನೂರಕ್ಕೆ 30ರವರೆಗೂ ಹೋಗಬಹುದು.

ಒಂದು ಹಸು ದಿನಕ್ಕೆ ಒಣತೂಕದಲ್ಲಿ 10 ಕಿಲೋ ತಿನ್ನುತ್ತದೆ ಎನ್ನಿ. ಮಣ್ಣಿನಲ್ಲಿ ಸೀಸ ಕಿಲೋಗೆ 300 ಮಿಲಿಗ್ರಾಂ, ತೊಳೆದ ಹುಲ್ಲಿನಲ್ಲಿ 5. ನೂರಕ್ಕೆ ಆರು ಪಾಲು ಮಣ್ಣು ಹೋದರೆ, 600 ಗ್ರಾಂ ಮಣ್ಣಿನಿಂದ 180 ಮಿಲಿಗ್ರಾಂ, 9.4 ಕಿಲೋ ಹುಲ್ಲಿನಿಂದ 47. ಒಟ್ಟು 227, ಅಂದರೆ ಮೇವಿನ ಕಿಲೋಗೆ ಸುಮಾರು 23. ಇದರಲ್ಲಿ ಐದರಲ್ಲಿ ನಾಲ್ಕು ಪಾಲು ಬಂದದ್ದು ಮಣ್ಣಿನಿಂದ, ಹುಲ್ಲಿನಿಂದಲ್ಲ! ಈಗ ಅದೇ ಹೊಲವನ್ನು ನೆಲ ಕಾಣುವವರೆಗೆ ಮೇಯಿಸಿ, ಮಳೆ ಬಿದ್ದು ಕೆಸರೆದ್ದು, ಮಣ್ಣಿನ ಪಾಲು 15ಕ್ಕೆ ಏರಿತು ಎನ್ನಿ. ಮಣ್ಣಿನಿಂದ 450, ಹುಲ್ಲಿನಿಂದ 42. ಕಿಲೋಗೆ 49. ಹೊಲಕ್ಕೆ ಒಂದು ಚೂರು ಸೀಸವೂ ಹೊಸದಾಗಿ ಬಂದಿಲ್ಲ. ತಿಂದದ್ದು ಮಾತ್ರ ಎರಡು ಪಟ್ಟು ದಾಟಿದೆ.

ಹೋಲಿಕೆಗೆ ಐರೋಪ್ಯ ಒಕ್ಕೂಟದ ಮಿತಿಗಳನ್ನು ಇಟ್ಟುಕೊಳ್ಳುತ್ತೇನೆ: ಮೇವಿನ ಕಿಲೋಗೆ ಸೀಸ 30 ಮಿಲಿಗ್ರಾಂ, ಕ್ಯಾಡ್ಮಿಯಂ 1, ಆರ್ಸೆನಿಕ್ 2, ಪಾದರಸ 0.1. ಇವು ನೂರಕ್ಕೆ 12 ತೇವಾಂಶವಿರುವ ಮೇವಿನ ಲೆಕ್ಕ, ಆದ್ದರಿಂದ ವರದಿ ಒಣತೂಕದಲ್ಲಿದ್ದರೆ ಸ್ವಲ್ಪ ಹೊಂದಿಸಿಕೊಳ್ಳಿ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2005ರಲ್ಲಿ ಮೆಲುಕು ಹಾಕುವ ಪ್ರಾಣಿಗಳಿಗೆ ಸೀಸದ ಸಹನೆಯ ಮಟ್ಟ 100 ಎಂದಿತು. ಇದನ್ನು ನೋಡಿ ನೆಮ್ಮದಿಪಡುವವರಿದ್ದಾರೆ. ಅದು ಪ್ರಾಣಿ ತಡೆದುಕೊಳ್ಳುವ ಮಟ್ಟ. ನಾವು ಅದರ ಹಾಲು ಕುಡಿಯುವವರು, ಮಾಂಸ ತಿನ್ನುವವರು.

ಯಾವ ಲೋಹವೋ ಆ ಮದ್ದು

ಏನೇ ಇರಲಿ ಸುಣ್ಣ ಹಾಕಿ ಎನ್ನುವ ಸಲಹೆ ಎಲ್ಲೆಡೆ ಓಡಾಡುತ್ತದೆ. ಅರ್ಧ ನಿಜ. ಹುಳಿ ಮಣ್ಣಿಗೆ ಸುಣ್ಣ ಹಾಕಿ ಪಿಎಚ್ 6.5ರ ಆಸುಪಾಸಿಗೆ ತಂದರೆ ಕ್ಯಾಡ್ಮಿಯಂ ಬೇರಿಗೆ ಸಿಗುವುದು ತಗ್ಗುತ್ತದೆ, ಸತು ತಗ್ಗುತ್ತದೆ. ಮಾಲಿಬ್ಡಿನಮ್ ಮತ್ತು ಸೆಲೆನಿಯಂ ಮಾತ್ರ ಸುಣ್ಣಕ್ಕೆ ಉಲ್ಟಾ ಏರುತ್ತವೆ. ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ ಮಾಲಿಬ್ಡಿನಮ್ ತುಂಬಿದ ಹುಲ್ಲುಗಾವಲುಗಳಲ್ಲಿ ದನಗಳು ಭೇದಿಯಿಂದ ಸೊರಗಿ, ಕೂದಲು ಮಾಸುತ್ತಿದ್ದದ್ದು ಹಳೇ ಕಥೆ. ಮಾಲಿಬ್ಡಿನಮ್ ದೇಹದ ತಾಮ್ರವನ್ನು ಕಟ್ಟಿಹಾಕುವುದರಿಂದ ಹಾಗಾಗುತ್ತದೆ. ರಂಜಕದ ಗೊಬ್ಬರವೂ ಎರಡು ಬಾಯಿಯ ಕತ್ತಿ. ಅದು ಸೀಸವನ್ನು ಹಿಡಿದಿಡುತ್ತದೆ, ಆರ್ಸೆನಿಕ್ಕನ್ನು ಬಿಡಿಸಿ ಕೊಡುತ್ತದೆ. ಹಾಗಾಗಿ ಲೋಹದ ಹೆಸರು ತಿಳಿಯುವ ಮುನ್ನ ಚೀಲ ಬಿಚ್ಚಬೇಡಿ.

ಇನ್ನೊಂದು, ಸುಣ್ಣ ಬದಲಿಸುವುದು ಬೇರಿನ ದಾರಿಯನ್ನು ಮಾತ್ರ. ಕೆಸರಿನ ಜೊತೆ ನುಂಗಿದ ಸೀಸ ಹೊಟ್ಟೆಯ ಆಮ್ಲದಲ್ಲಿ ಕರಗಿಯೇ ಕರಗುತ್ತದೆ.

ಸೀಸಕ್ಕೆ ಆದ್ದರಿಂದ ಮೇಯಿಸುವ ಕ್ರಮವೇ ಮದ್ದು. ಕಂಡ ಚೂರು, ಬೂದಿ, ಸುತ್ತಲಿನ ಮಣ್ಣು ಎಲ್ಲವನ್ನೂ ಅಗೆದು ಅಪಾಯಕಾರಿ ತ್ಯಾಜ್ಯವಾಗಿ ಸಾಗಿಸಿ. ಆಗದಿದ್ದರೆ ಗಟ್ಟಿ ಬೇಲಿ ಹಾಕಿ. ಆ ಜಾಗವನ್ನು ಉಳಬೇಡಿ, ಒಂದು ಮೂಲೆಯ ವಿಷ ಇಡೀ ಹೊಲಕ್ಕೆ ಹರಡುತ್ತದೆ. ಹುಲ್ಲು ಎಂಟು ಹತ್ತು ಸೆಂಟಿಮೀಟರ್ ಉಳಿದಿರುವಾಗಲೇ ದನ ಎಬ್ಬಿಸಿ ಮುಂದಿನ ಪಟ್ಟಿಗೆ ಕಳಿಸಿ. ಕೆಸರಿನ ದಿನಗಳಲ್ಲಿ ಬಿಡಬೇಡಿ. ಮೇವನ್ನು ನೆಲಕ್ಕೆ ಹರವದೆ ಗೋದಲಿಯಲ್ಲಿ ಹಾಕಿ. ಹುಲ್ಲು ಕೊಯ್ಯುವ ಯಂತ್ರದ ಅಲಗನ್ನು ಎತ್ತರಿಸಿ, ಕೊಯ್ಯುವ ಮುಂಚೆ ಹೊಲ ನಡೆದು ನೋಡಿ. ಹುಲ್ಲಿನಲ್ಲಿ ಅಡಗಿದ ಒಂದು ಬ್ಯಾಟರಿ ಯಂತ್ರಕ್ಕೆ ಸಿಕ್ಕು ಪುಡಿಯಾದರೆ ರಸಮೇವಿನ ಗುಂಡಿಗೆ ಗುಂಡಿಯೇ ವಿಷ. ಉಪ್ಪು, ಸುಣ್ಣಾಂಶ, ರಂಜಕ ಕೊರತೆಯಾದ ಪ್ರಾಣಿ ಕಂಡದ್ದನ್ನೆಲ್ಲ ನೆಕ್ಕುತ್ತದೆ, ನುಂಗಿದ ಸೀಸವನ್ನೂ ಹೆಚ್ಚು ಹೀರುತ್ತದೆ. ಖನಿಜ ಮಿಶ್ರಣ ತಪ್ಪಿಸಬೇಡಿ. ಆ ಮಿಶ್ರಣದಲ್ಲೇ ಸೀಸ, ಕ್ಯಾಡ್ಮಿಯಂ ಎಷ್ಟಿದೆ ಎಂಬ ವರದಿ ಕೇಳುವುದು ನಿಮ್ಮ ಹಕ್ಕು.

ಕ್ಯಾಡ್ಮಿಯಂ ಬರುವುದು ಹೆಚ್ಚಾಗಿ ರಂಜಕದ ಗೊಬ್ಬರದ ಚೀಲದಿಂದ, ವರ್ಷವರ್ಷವೂ ಚಿಟಿಕೆಯಷ್ಟು. ಐರೋಪ್ಯ ಒಕ್ಕೂಟ 2022ರಿಂದ ಅಂಥ ಗೊಬ್ಬರದಲ್ಲಿ ಪ್ರತಿ ಕಿಲೋ ರಂಜಕ ಪೆಂಟಾಕ್ಸೈಡಿಗೆ ಕ್ಯಾಡ್ಮಿಯಂ 60 ಮಿಲಿಗ್ರಾಂ ಮೀರಬಾರದು ಎಂದಿದೆ. ದನ ಇದರಿಂದ ಕಾಯಿಲೆ ಬೀಳುವುದು ಅಪರೂಪ. ಹಾಲಿಗೂ ಹೆಚ್ಚು ಇಳಿಯುವುದಿಲ್ಲ. ಅದು ಮೂತ್ರಪಿಂಡದಲ್ಲಿ ಕೂತು ಬೆಳೆಯುತ್ತದೆ. ನ್ಯೂಜಿಲೆಂಡಿನಲ್ಲಿ 30 ತಿಂಗಳು ದಾಟಿದ ಪ್ರಾಣಿಗಳ ಮೂತ್ರಪಿಂಡವನ್ನು ಮನುಷ್ಯರ ಆಹಾರಕ್ಕೆ ಬಿಡದಿರುವುದು ಇದೇ ಕಾರಣಕ್ಕೆ. ಚಿಕೋರಿ, ಪ್ಲಾಂಟೇನ್‌ನಂಥ ಅಗಲೆಲೆಯ ಮೇವಿನ ಗಿಡಗಳು ರೈಹುಲ್ಲಿಗಿಂತ ಹೆಚ್ಚು ಕ್ಯಾಡ್ಮಿಯಂ ಎಳೆದುಕೊಳ್ಳುತ್ತವೆ. ಅಂಥ ನೆಲದಲ್ಲಿ ಬಿತ್ತುವ ಮುನ್ನ ಯೋಚಿಸಿ.

ಕುರಿ ಸಾಕುವವರು ತಾಮ್ರದ ಬಗ್ಗೆ ಓದಲೇಬೇಕು. ದನ ಮೇವಿನ ಕಿಲೋಗೆ 40 ಮಿಲಿಗ್ರಾಂ ತಾಳಿಕೊಂಡರೆ ಕುರಿಗೆ 15 ಎನ್ನುವುದೇ ಅಂಚು. ಹಂದಿ, ಕೋಳಿ ಗೊಬ್ಬರ ಎರಚಿದ ಹುಲ್ಲು, ಗೊರಸು ಅದ್ದುವ ಮೈಲುತುತ್ತದ ನೀರು ಚೆಲ್ಲಿದ ಜಾಗ, ದನಗಳಿಗೆಂದು ಮಾಡಿದ ಖನಿಜ ಮಿಶ್ರಣ, ಇವು ಮೂರೂ ಕುರಿಗೆ ಬೇಡ. ತಾಮ್ರ ತಿಂಗಳುಗಟ್ಟಲೆ ಪಿತ್ತಕೋಶದ ಪಕ್ಕದ ಲಿವರಿನಲ್ಲಿ ಸದ್ದಿಲ್ಲದೆ ಸೇರುತ್ತದೆ, ಕುರಿ ಕೊಬ್ಬಿ ಚೆನ್ನಾಗಿಯೇ ಕಾಣುತ್ತದೆ. ಒಂದು ದಿನ ಸಾಗಣೆಯದೋ ಹಸಿವಿನದೋ ಆಯಾಸ ತಗುಲಿದರೆ ಲಿವರ್ ಒಮ್ಮೆಲೇ ತಾಮ್ರ ಬಿಡುತ್ತದೆ. ರಕ್ತಕಣ ಒಡೆದು, ಕಣ್ಣು ಹಳದಿಯಾಗಿ, ಗಂಜಲ ಕಪ್ಪುಗೆಂಪಾಗಿ, ಎರಡು ದಿನದಲ್ಲಿ ಮುಗಿಯುತ್ತದೆ.

ಆರ್ಸೆನಿಕ್ ಇರುವ ನೆಲದಲ್ಲಿ ನೀರು ನಿಲ್ಲಲು ಬಿಡಬೇಡಿ. ಜವುಗಿನಲ್ಲಿ ಅದು ಬೇರಿಗೆ ಸುಲಭವಾಗಿ ಸಿಗುತ್ತದೆ. ಕೊಳವೆಬಾವಿಯ ನೀರನ್ನೂ ಅದೇ ಸಲ ಪರೀಕ್ಷಿಸಿ.

ಪ್ರಾಣಿ ಬಿದ್ದಾಗ

ಕುರುಡು, ತಲೆ ಒತ್ತುವುದು, ಕಿವಿ ಮತ್ತು ರೆಪ್ಪೆ ಅದುರುವುದು, ಹಲ್ಲು ಕಡಿತ, ಸೆಡೆತ: ಇಷ್ಟು ಕಂಡರೆ ಸೀಸವನ್ನು ನೆನೆಯಿರಿ, ಕರುವಾದರೆ ಎರಡು ಸಲ ನೆನೆಯಿರಿ. ಕರುಗಳ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ, ಕುತೂಹಲವೂ ಹೆಚ್ಚು. ಆದರೆ ಬಾಯಿಗೆ ಕೈ ಹಾಕುವ ಮುಂಚೆ ರೇಬೀಸ್ ಕೂಡ ಹೀಗೇ ಕಾಣಬಹುದು ಎಂಬುದು ತಲೆಯಲ್ಲಿರಲಿ, ಕೈಗವಸು ಹಾಕಿ. ಮುನ್ಸೂಚನೆಯಿಲ್ಲದೆ ನೀರಿನಂಥ ಭೇದಿ, ಹೊಟ್ಟೆನೋವು, ಗಂಟೆಗಳಲ್ಲಿ ಸಾವು ಎಂದರೆ ಆರ್ಸೆನಿಕ್.

ಹಿಂಡನ್ನು ಆ ಕ್ಷಣವೇ ಬೇರೆಡೆಗೆ ಹೊಡೆಯಿರಿ, ಕಾರಣ ಆಮೇಲೆ ಹುಡುಕೋಣ. ಪಶುವೈದ್ಯರು ರಕ್ತ ತೆಗೆಯುವಾಗ ಅದು ಹೆಪ್ಪುಗಟ್ಟದಂತೆ ಮದ್ದು ಹಾಕಿದ ಕೊಳವೆಯಲ್ಲೇ ತೆಗೆಯಲಿ. ಸೀಸ ಇರುವುದು ಕೆಂಪುಕಣಗಳಲ್ಲಿ, ರಕ್ತದ ಮೇಲಿನ ತಿಳಿಯಲ್ಲಿ (ಸೀರಂ) ಹುಡುಕಿದರೆ ಸಿಗದು. ಲೀಟರಿಗೆ 0.35 ಮಿಲಿಗ್ರಾಂ ದಾಟಿದ್ದು, ಲಕ್ಷಣವೂ ಇದ್ದರೆ ಸಂಶಯ ಉಳಿಯುವುದಿಲ್ಲ. ಚಿಕಿತ್ಸೆಗೆ ಕ್ಯಾಲ್ಸಿಯಂ ಸೇರಿದ ಇಡಿಟಿಎ (ರಕ್ತದ ಸೀಸವನ್ನು ಹಿಡಿದು ಹೊರಹಾಕುವ ಮದ್ದು), ಥಯಾಮಿನ್, ಹೊಟ್ಟೆಗೆ ಮೆಗ್ನೀಸಿಯಂ ಸಲ್ಫೇಟ್. ಕ್ಯಾಲ್ಸಿಯಂ ಇಲ್ಲದ ಡೈಸೋಡಿಯಂ ಇಡಿಟಿಎ ಕೊಟ್ಟರೆ ರಕ್ತದ ಸುಣ್ಣಾಂಶ ಕುಸಿದು ಪ್ರಾಣ ಹೋಗುತ್ತದೆ, ಶೀಶೆಯ ಮೇಲಿನ ಹೆಸರನ್ನು ಪೂರ್ತಿ ಓದಿ. ಎರಡನೇ ಹೊಟ್ಟೆಯಲ್ಲಿ ಚೂರು ಕೂತಿದ್ದರೆ ಮದ್ದು ಎಷ್ಟು ಕೊಟ್ಟರೂ ಅದು ಕರಗುತ್ತಲೇ ಇರುತ್ತದೆ. ಬೆಲೆಯುಳ್ಳ ಪ್ರಾಣಿಯಾದರೆ ಶಸ್ತ್ರಚಿಕಿತ್ಸೆ ಮಾಡಿ ತೆಗೆಯುವುದೇ ದಾರಿ. ಸತ್ತರೆ ಲಿವರ್, ಮೂತ್ರಪಿಂಡದ ತುಂಡು ಪರೀಕ್ಷೆಗೆ ಕಳಿಸಿ. ಶವವನ್ನು ನಾಯಿಗೆ ಹಾಕಬೇಡಿ, ಅದೇ ಹುಲ್ಲುಗಾವಲಿನಲ್ಲಿ ಹೂಳಲೂ ಬೇಡಿ.

ಉಳಿದವು ಚೆನ್ನಾಗಿವೆ ಎಂದು ಅಲ್ಲಿಗೇ ಬಿಡುವವರೇ ಹೆಚ್ಚು. ನಾನು ಜೊತೆಗೆ ಮೇದ ಅಷ್ಟೂ ತಲೆಗಳ ರಕ್ತ ತೆಗೆಸುತ್ತೇನೆ. ಏನೂ ಆಗಿಲ್ಲದಂತೆ ಮೆಲುಕು ಹಾಕುತ್ತಾ ನಿಂತ ಹಸುವಿನ ರಕ್ತದಲ್ಲೂ ಮಿತಿ ಮೀರಿದ ಸೀಸ ಕಂಡಿದ್ದೇನೆ. ಮೂಳೆಯಲ್ಲಿ ಕೂತ ಸೀಸ ಗಬ್ಬದಲ್ಲೂ ಕರು ಹಾಕಿದ ಮೇಲೂ ಮತ್ತೆ ರಕ್ತಕ್ಕೆ ಇಳಿಯುತ್ತದೆ. ಅಂಥವುಗಳ ಹಾಲನ್ನು ಪರೀಕ್ಷಿಸದೆ ಕ್ಯಾನಿಗೆ ಸೇರಿಸಬೇಡಿ, ಮಾಂಸಕ್ಕೆ ಮಾರಬೇಡಿ. ಕಿವಿಯ ಬಿಲ್ಲೆಯ ಸಂಖ್ಯೆ, ರಕ್ತದ ಅಂಕಿ, ದಿನಾಂಕ ಮೂರನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟು, ತಿಂಗಳಿಗೊಮ್ಮೆ ಮತ್ತೆ ರಕ್ತ ನೋಡಿ. ಅಂಕಿ ಇಳಿಯಲು ಕೆಲವಕ್ಕೆ ವಾರಗಳು ಸಾಕು, ಕೆಲವಕ್ಕೆ ಅರ್ಧ ವರ್ಷವೂ ಸಾಲದು. ಇಳಿಯುವ ಬದಲು ಏರಿದರೆ ಹೊಲದಲ್ಲಿ ನೀವಿನ್ನೂ ನೋಡದ ಜಾಗವೊಂದಿದೆ. ಸಲಿಕೆ ಬಿಟ್ಟು ಮತ್ತೆ ನಡೆಯಲು ಹೊರಡಿ, ಈ ಸಲ ಬೇಲಿಬುಡದಿಂದ ಶುರುಮಾಡಿ.